ಪೈಪು, ಸನ್‌ಬೋರ್ಡು, ಫಾಯಿಲ್‌ನಲ್ಲಿ ಕಾಮೆಟ್: ಮೊದಲ ಜೆಟ್ ಪ್ರಯಾಣಿಕ ವಿಮಾನದ ಮಾದರಿ ಮಾಡುವ ಬಗೆ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಅಲ್ಲೊಂದು ಥರ್ಮಕೋಲ್ ವಿಮಾನ ಇದ್ದೇ ಇರುತ್ತದೆ. ಬಿಳಿ ಬಣ್ಣ, ಎರಡು ರೆಕ್ಕೆ, ಬಾಲದ ಮೇಲೆ ತ್ರಿವರ್ಣ. ಮಾಡಿದ ಮಕ್ಕಳ ಶ್ರಮ ದೊಡ್ಡದು. ಆದರೆ ‘ಇದು ಯಾವ ವಿಮಾನ, ಯಾವ ವರ್ಷದ್ದು, ಇದರ ರೆಕ್ಕೆ ನಿಜದಲ್ಲಿ ಎಷ್ಟು ಉದ್ದ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಾಗೆ ನೋಡಿದರೆ ಬೀದರ್ ಜಿಲ್ಲೆಯ ಮಕ್ಕಳಿಗೆ ಜೆಟ್ ವಿಮಾನ ಅಪರೂಪದ ವಸ್ತುವಲ್ಲ. ಬೀದರ್ ವಾಯುಪಡೆ ನೆಲೆಯಲ್ಲಿ ಹಾಕ್ ಜೆಟ್‌ಗಳಲ್ಲಿ ಪೈಲಟ್‌ಗಳ ತರಬೇತಿ ನಡೆಯುತ್ತದೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಅಲ್ಲಿಯೇ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ಜೆಟ್‌ಗಳೊಂದಿಗೆ. ಇಂಥ ಜಿಲ್ಲೆಯಲ್ಲಿ ವಿಮಾನದ ಮಾದರಿ ಮಾಡುವವರು ಹೆಸರು, ದಿನಾಂಕ, ಅಳತೆ ಇರುವ ಒಂದು ನಿರ್ದಿಷ್ಟ ವಿಮಾನವನ್ನೇ ಹಿಡಿದು ಮಾಡಬೇಕು ಎನ್ನುವುದು ನನ್ನ ಹಟ.

ನಾರಾಯಣಪುರ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಶಿಕ್ಷಕರು ಮತ್ತು ಹೈಸ್ಕೂಲು ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಆರಿಸಿಕೊಂಡ ವಿಮಾನ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್. ಅದರಲ್ಲೂ ಮೊಟ್ಟಮೊದಲು ಹಾರಿದ ಮೂಲಮಾದರಿ, ಜಿ-ಎ.ಎಲ್.ವಿ.ಜಿ. ಎಂಬ ನೋಂದಣಿಯದು. ಬೇಕಾದ ಸಾಮಾನೆಲ್ಲ ಪ್ಲಂಬಿಂಗ್ ಅಂಗಡಿ, ಫ್ಲೆಕ್ಸ್ ಅಂಗಡಿ, ರೇಡಿಯಂ ಸ್ಟಿಕರ್ ಅಂಗಡಿ ಮತ್ತು ಅಡುಗೆಮನೆಯಲ್ಲಿ ಸಿಗುತ್ತದೆ.

ಈ ವಿಮಾನವೇ ಯಾಕೆ

1949ರ ಜುಲೈ 27ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಜಾನ್ ಕನ್ನಿಂಗ್‌ಹ್ಯಾಂ ಎಂಬ ಪೈಲಟ್ ಈ ವಿಮಾನವನ್ನು ಮೊದಲ ಬಾರಿಗೆ ಮೇಲೇರಿಸಿದರು. 31 ನಿಮಿಷದ ಹಾರಾಟ ಅದು. ಆವರೆಗೆ ಪ್ರಯಾಣಿಕ ವಿಮಾನ ಎಂದರೆ ಪಂಖ ತಿರುಗುವ ಎಂಜಿನ್, ಗಡಗಡ ನಡುಕ, ಮೋಡದ ನಡುವೆಯೇ ಪಯಣ. ಕಾಮೆಟ್‌ಗೆ ಪಂಖವೇ ಇರಲಿಲ್ಲ. ನಾಲ್ಕು ಘೋಸ್ಟ್ ಜೆಟ್ ಎಂಜಿನ್‌ಗಳು ರೆಕ್ಕೆಯ ಬುಡದೊಳಗೇ ಅಡಗಿದ್ದವು. 40,000 ಅಡಿ, ಎಂದರೆ 12 ಕಿಲೋಮೀಟರ್ ಎತ್ತರದಲ್ಲಿ ಮೋಡಗಳನ್ನು ಕೆಳಗೆ ಬಿಟ್ಟು ಹಾರುವ ಶಕ್ತಿ ಅದಕ್ಕಿತ್ತು. ಕೆನಡಾದ ಆವ್ರೊ ಜೆಟ್‌ಲೈನರ್ ಹಾರಿದ್ದು ಇದಾಗಿ ಎರಡು ವಾರಕ್ಕೆ, ಆಗಸ್ಟ್ 10ರಂದು. ಅಮೆರಿಕದ ಬೋಯಿಂಗ್ 367-80 ಹಾರಿದ್ದು 1954ರ ಜುಲೈ 15ರಂದು, ಐದು ವರ್ಷ ತಡವಾಗಿ.

ನಮ್ಮ ದೇಶಕ್ಕೂ ಕಾಮೆಟ್‌ಗೂ ನಂಟಿದೆ. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗ್‌ಗೆ ಪ್ರಪಂಚದ ಮೊದಲ ಜೆಟ್ ಪ್ರಯಾಣಿಕ ಸೇವೆ ಶುರುವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೊಲಂಬೊಗೆ ಹೋಗುವ ಕಾಮೆಟ್‌ಗಳು ಮುಂಬಯಿಯಲ್ಲಿ ಇಳಿದು ಹೋಗತೊಡಗಿದವು. ಸರಿಯಾಗಿ ಒಂದು ವರ್ಷ ತುಂಬಿದ ದಿನ, 1953ರ ಮೇ 2ರಂದು, ಕಲ್ಕತ್ತೆಯ ಡಮ್‌ಡಮ್‌ನಿಂದ ಹೊರಟ ಕಾಮೆಟ್ ಬಿರುಗಾಳಿ ಮಳೆಯಲ್ಲಿ ಮುರಿದು ಬಿತ್ತು. 43 ಜನ ಸತ್ತರು. ಇಷ್ಟು ಏರಿಳಿತ ಕಂಡ ವಿಮಾನ ಇನ್ನೊಂದಿಲ್ಲ. ಆ ಕಥೆಯ ಸುಳಿವೆಲ್ಲ ಅದರ ಕಿಟಕಿಯಲ್ಲಿ, ತಗಡಿನಲ್ಲಿ, ಗಾಲಿಯಲ್ಲಿ ಇದೆ. ಮಾದರಿ ಮಾಡುತ್ತಾ ಹೋದಂತೆ ಮಕ್ಕಳ ಕೈಗೇ ಸಿಗುತ್ತದೆ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಅಂತರ್ಜಾಲದಲ್ಲಿ ‘ಕಾಮೆಟ್’ ಎಂದು ಹುಡುಕಿದರೆ ಹೆಚ್ಚು ಸಿಗುವುದು ಕಾಮೆಟ್ 4ರ ಚಿತ್ರಗಳು. ಅದು 1958ರ ನಂತರದ್ದು. ಮೈ 111 ಅಡಿಗಿಂತ ಉದ್ದ, ಕಿಟಕಿ ದುಂಡಗೆ, ರೆಕ್ಕೆಯ ಮುಂಬದಿಗೆ ಇಂಧನದ ಉದ್ದನೆಯ ತೊಟ್ಟಿ. ನಮಗೆ ಬೇಕಾದದ್ದು ಚೌಕ ಕಿಟಕಿಯ, ಮೋಟು ಮೈಯ, ಬಣ್ಣ ಬಳಿಯದ ಬೆಳ್ಳಿ ಹೊಳಪಿನ ಮೂಲಮಾದರಿ. ಎರಡನ್ನೂ ಬೆರೆಸಿದರೆ ಎಂದೂ ಹಾರದ ಒಂದು ವಿಮಾನ ಮಾಡಿದಂತಾಗುತ್ತದೆ.

ಅಳತೆ ಮೊದಲು, ಕತ್ತರಿ ಆಮೇಲೆ

ನಾರಾಯಣಪುರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಚಾಲುಕ್ಯ ಶೈಲಿಯ ಗುಡಿಗಳ ಹೊರಗೋಡೆಯಲ್ಲಿ ಅರೆಗಂಬದ ಮೇಲೆ ಕಿರುಶಿಖರಗಳನ್ನು ಕೆತ್ತುವ ರೂಢಿಯಿತ್ತು. ದೊಡ್ಡ ಶಿಖರದ ಅಂತಸ್ತು, ಕಲಶ ಎಲ್ಲವೂ ಅದರಲ್ಲಿ ಅದದರ ಪ್ರಮಾಣದಲ್ಲೇ ಇರುತ್ತವೆ. ಸ್ಕೇಲ್ ಮಾದರಿ ಎಂದರೆ ಅದೇ. ಯಾವುದನ್ನೂ ಬಿಡುವಂತಿಲ್ಲ, ಯಾವುದನ್ನೂ ಅಂದಕ್ಕೆಂದು ಹಿಗ್ಗಿಸುವಂತಿಲ್ಲ.

ವಿಮಾನದ ಮಾದರಿಗಳಿಗೆ ಪ್ರಪಂಚದಾದ್ಯಂತ ರೂಢಿಯಲ್ಲಿರುವ ಅನುಪಾತ 1:72 ಮತ್ತು 1:144. ಹೈಸ್ಕೂಲಿಗೆ 1:72 ಸರಿ. ನಿಜ ವಿಮಾನದ ಒಂದು ಅಡಿ ಇಲ್ಲಿ 4.23 ಮಿಲಿಮೀಟರ್ ಆಗುತ್ತದೆ. ಈ ಒಂದು ಸಂಖ್ಯೆಯನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ, ಉಳಿದದ್ದೆಲ್ಲ ಗುಣಾಕಾರ. ಕಾಮೆಟ್‌ನ ರೆಕ್ಕೆಯ ತುದಿಯಿಂದ ತುದಿಗೆ 115 ಅಡಿ, ಮಾದರಿಯಲ್ಲಿ 48.7 ಸೆಂ.ಮೀ. ಮೂತಿಯಿಂದ ಬಾಲಕ್ಕೆ 93 ಅಡಿ, ಮಾದರಿಯಲ್ಲಿ 39.4 ಸೆಂ.ಮೀ. ನೆಲದಿಂದ ಬಾಲದ ತುದಿಗೆ 28 ಅಡಿಯ ಮೇಲೆ ಚೂರು. ಮಾದರಿಯಲ್ಲಿ 12 ಸೆಂ.ಮೀ. ಮೈಯ ವ್ಯಾಸ ಸುಮಾರು 10 ಅಡಿ. ಮಾದರಿಯಲ್ಲಿ 42 ಮಿ.ಮೀ.

ಮೂರು ನೋಟದ ನಕ್ಷೆ, ಎಂದರೆ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಬರೆದದ್ದು, ಬೇಕೇ ಬೇಕು. ಮೊಬೈಲಿನಲ್ಲಿ ಹುಡುಕಿ, ‘ಕಾಮೆಟ್ 1’ ಎಂದೇ ಇರುವುದನ್ನು ಮುದ್ರಿಸಿಕೊಳ್ಳಿ. ಮುದ್ರಿತ ನಕ್ಷೆಯಲ್ಲಿ ರೆಕ್ಕೆ 16.2 ಸೆಂ.ಮೀ. ಇದೆ ಎನ್ನಿ. 48.7ನ್ನು 16.2ರಿಂದ ಭಾಗಿಸಿದರೆ ಮೂರು. ಜೆರಾಕ್ಸ್ ಅಂಗಡಿಯಲ್ಲಿ 300 ಪರ್ಸೆಂಟ್‌ಗೆ ದೊಡ್ಡದು ಮಾಡಿಸಬೇಕು. ಯಂತ್ರ ಅಷ್ಟಕ್ಕೆ ಒಪ್ಪದಿದ್ದರೆ ಮೊದಲು 200, ಬಂದ ಪ್ರತಿಯನ್ನು ಮತ್ತೆ 150. ಪೂರ್ತಿ ರೆಕ್ಕೆ ಎ-3 ಹಾಳೆಗೂ ಹಿಡಿಸುವುದಿಲ್ಲ, ಆದರೆ ಅರ್ಧ ರೆಕ್ಕೆ 24.4 ಸೆಂ.ಮೀ., ಎ-4 ಹಾಳೆಯಲ್ಲೇ ಕೂರುತ್ತದೆ. ಬಲ ರೆಕ್ಕೆಯನ್ನು ತೆಗೆದು ಹಾಳೆ ಮಗುಚಿದರೆ ಎಡ ರೆಕ್ಕೆ ಸಿಕ್ಕಿತು.

ಅಂತರ್ಜಾಲದ ನಕ್ಷೆಗಳಲ್ಲಿ ಎಷ್ಟೋ ಸೊಟ್ಟಗಿರುತ್ತವೆ. ಪರೀಕ್ಷಿಸಲು ಮಕ್ಕಳೇ ಮಾಡಬಹುದಾದ ಒಳ್ಳೆಯ ಲೆಕ್ಕವೊಂದಿದೆ. ಕಾಮೆಟ್ ರೆಕ್ಕೆಯ ವಿಸ್ತೀರ್ಣ 2,015 ಚದರ ಅಡಿ, ಎಂದರೆ 187 ಚದರ ಮೀಟರ್. ಉದ್ದ 72 ಪಾಲು ಕುಗ್ಗಿದರೆ ವಿಸ್ತೀರ್ಣ 72ರ ವರ್ಗದಷ್ಟು, 5,184 ಪಾಲು ಕುಗ್ಗುತ್ತದೆ. ಹಾಗಾಗಿ ಮಾದರಿಯ ರೆಕ್ಕೆ ಸುಮಾರು 361 ಚದರ ಸೆಂಟಿಮೀಟರ್ ಇರಬೇಕು. ರೆಕ್ಕೆಯ ಆಕಾರವನ್ನು, ಮೈಯೊಳಗೆ ಹಾದುಹೋಗುವ ಭಾಗವನ್ನೂ ಸೇರಿಸಿ, ಗ್ರಾಫ್ ಹಾಳೆಯ ಮೇಲೆ ಬರೆದು ಚೌಕಗಳನ್ನು ಎಣಿಸಿ. 350ರಿಂದ 370ರೊಳಗೆ ಬಂದರೆ ನಕ್ಷೆ ನಂಬಬಹುದು. 300 ಬಂದರೆ ಬೇರೆ ನಕ್ಷೆ ಹುಡುಕಿ. ಒಂಬತ್ತನೇ ತರಗತಿಯ ಗಣಿತ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮೈ: ಪ್ಲಂಬಿಂಗ್ ಅಂಗಡಿಯ ಉಡುಗೊರೆ

ಮೈಗೆ 42 ಮಿಲಿಮೀಟರ್ ವ್ಯಾಸದ ಕೊಳವೆ ಬೇಕು ಎಂದೆವಲ್ಲ. ಮನೆಯ ನೀರಿನ ಲೈನಿಗೆ ಹಾಕುವ ಬಿಳಿ ಯುಪಿವಿಸಿ ಪೈಪ್‌ನಲ್ಲಿ ಒಂದೂಕಾಲು ಇಂಚಿನದಕ್ಕೆ ಹೊರ ವ್ಯಾಸ 42.2 ಮಿ.ಮೀ. ನೂಲಿನಷ್ಟೂ ವ್ಯತ್ಯಾಸವಿಲ್ಲ. ಚಿಕ್ಕ ಮಕ್ಕಳು 1:144ರಲ್ಲಿ ಮಾಡುವುದಾದರೆ ಅದೇ ಜಾತಿಯ ಅರ್ಧ ಇಂಚಿನ ಪೈಪ್ 21.3 ಮಿ.ಮೀ. ಇರುತ್ತದೆ, ಅದೂ ಸರಿಹೋಗುತ್ತದೆ. ಎಡವುವುದು ಎರಡು ಕಡೆ. ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿ ಪೈಪ್ ಅದೇ ಇಂಚಿನ ಹೆಸರಿದ್ದರೂ ತೆಳ್ಳಗಿರುತ್ತದೆ. ಹೊಲಕ್ಕೆ ಹಾಕುವ ಬೂದುಬಣ್ಣದ ಪೈಪ್ 40 ಮಿ.ಮೀ. ಇರುತ್ತದೆ. ಹೆಸರು ಕೇಳಿ ತರಬೇಡಿ, ಅಂಗಡಿಯಲ್ಲೇ ಅಳೆದು ತನ್ನಿ. ಒಂದಡಿಯ ತುಂಡು ಸಾಕು. ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಪ್ಲಂಬರ್ ಕತ್ತರಿಸಿ ಬಿಸಾಕಿದ್ದರಲ್ಲೇ ಸಿಗುತ್ತದೆ.

ಪೈಪ್ ಬರುವುದು ಮೈಯ ನಡುವಿನ ನೇರ ಭಾಗಕ್ಕೆ ಮಾತ್ರ. ಮೂತಿ ಮತ್ತು ಬಾಲ ಸಣ್ಣಗಾಗುತ್ತಾ ಹೋಗುವುದರಿಂದ ಅವನ್ನು ಕಟ್ಟಿಗೆಯಲ್ಲಿ ಮಾಡಬೇಕು. ಮಂಚದ ಕಾಲು ಕಡೆಯುವ ಲೇತ್ ಇರುವ ಬಡಿಗೇರ ಕಾಕಾನ ಹತ್ತಿರ ನಕ್ಷೆಯ ಪಕ್ಕನೋಟವನ್ನು ಒಯ್ಯಿರಿ. ರಟ್ಟಿನಲ್ಲಿ ಮೂತಿಯ ಬಾಗನ್ನು ಕತ್ತರಿಸಿ ಅಚ್ಚು ಮಾಡಿಕೊಟ್ಟರೆ ಅವರು ಕಟ್ಟಿಗೆ ತಿರುಗಿಸುತ್ತಾ ಅಚ್ಚಿಗೆ ತಾಳೆ ನೋಡುತ್ತಾ ಕಡೆದುಕೊಡುತ್ತಾರೆ. ಹಿಂದೆ ಒಂದು ಇಂಚು ಗೂಟ ಬಿಡಲು ಹೇಳಿ, ಅದು ಪೈಪ್‌ನೊಳಗೆ ಬಿಗಿಯಾಗಿ ಕೂರಬೇಕು. ಹಗುರ ಕಟ್ಟಿಗೆ ಸಾಕು, ಸಾಗುವಾನಿ ಬೇಡ. ಬಾಲದ ಕೆಳಭಾಗ ಮೇಲಕ್ಕೆ ಏರುವುದರಿಂದ ಅದನ್ನು ಲೇತ್‌ನಲ್ಲಿ ದುಂಡಗೆ ಕಡೆದು ಆಮೇಲೆ ಅರದಲ್ಲಿ ತಿದ್ದಬೇಕಾಗುತ್ತದೆ.

ಕಾಮೆಟ್‌ನ ಮೂತಿಯನ್ನು ಗಮನವಿಟ್ಟು ನೋಡಿ. ಹೆಚ್ಚಿನ ವಿಮಾನಗಳಲ್ಲಿ ಪೈಲಟ್‌ನ ಗಾಜಿನ ಹತ್ತಿರ ಒಂದು ಮೆಟ್ಟಿಲಿರುತ್ತದೆ. ಇದರಲ್ಲಿ ಇಲ್ಲ. ಗಾಜು ಮೂತಿಯ ಬಾಗಿನಲ್ಲೇ ಬೆರೆತುಹೋಗಿದೆ. ಮಳೆಯಲ್ಲಿ ಆ ಗಾಜಿನಿಂದ ಹೊರಗೆ ಕಾಣುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಡಿ ಹ್ಯಾವಿಲೆಂಡ್‌ನವರು ಹಾರ್ಸಾ ಎಂಬ ಮರದ ಗ್ಲೈಡರ್‌ಗೆ ಕಾಮೆಟ್‌ನ ಮೂತಿ ಕೂರಿಸಿ ಹಾರಿಸಿ ನೋಡಿದ್ದರು. ಮುಂದೆ ಫ್ರಾನ್ಸಿನ ಕ್ಯಾರವೆಲ್ ವಿಮಾನಕ್ಕೂ ಇದೇ ಮೂತಿಯನ್ನು ಬಳಸಿಕೊಂಡರು. 1964ರಿಂದ ಇಂಡಿಯನ್ ಏರ್‌ಲೈನ್ಸ್ ಹಾರಿಸಿದ್ದು ಆ ಕ್ಯಾರವೆಲ್‌ಗಳನ್ನೇ. ಮೂತಿಯ ಬಾಗು ತಪ್ಪಿದರೆ ಕಾಮೆಟ್ ಕಾಮೆಟ್ ಆಗುವುದಿಲ್ಲ. ಸಮಯ ಕೊಡಬೇಕಾದ ಮೊದಲ ಜಾಗ ಅದು.

ಕಟ್ಟಿಗೆಯ ಬಿರುಕು, ಗುಂಡಿ ತುಂಬಲು ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರ ಉಪಾಯ ನೆನಪಿಡಿ. ಅವರು ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಹೊಟ್ಟು ಬೆರೆಸಿ ಗೊಂಬೆಯ ಮೈ ತಿದ್ದುತ್ತಾರೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಗಂಜಿಯಂತೆ ಕುದಿಸಿದರೆ ಅಂಟು ಸಿದ್ಧ. ನುಣ್ಣನೆಯ ಹೊಟ್ಟು ಸೇರಿಸಿ ಬಿರುಕಿಗೆ ಒತ್ತಿ, ಪೂರ್ತಿ ಒಣಗಿದ ಮೇಲೆ ಉಜ್ಜಿ. ಕಟ್ಟಿಗೆಗೆ ಇದು ಚೆನ್ನಾಗಿ ಹಿಡಿಯುತ್ತದೆ. ಪೈಪ್‌ಗೆ ಹಿಡಿಯುವುದಿಲ್ಲ. ಪೈಪ್ ಮತ್ತು ಕಟ್ಟಿಗೆ ಕೂಡುವ ಗೆರೆಗೆ ಎಂ-ಸೀಲ್ ಬಳಸಿ.

ಮೂತಿಯನ್ನು ಅಂಟಿಸುವ ಮೊದಲು ಅದರೊಳಗೆ ಗುಂಡಿ ಕೊರೆದು ನಾಲ್ಕಾರು ನಟ್ಟು ಬೋಲ್ಟು ತುಂಬಿ. ಕಾಮೆಟ್‌ಗೆ ಮೂತಿಯ ಕೆಳಗೊಂದು ಗಾಲಿಯ ಕಾಲು, ರೆಕ್ಕೆಯ ಕೆಳಗೆ ಎರಡು. ಮುಂದೆ ಭಾರವಿಲ್ಲದಿದ್ದರೆ ಬಾಲ ನೆಲಕ್ಕೆ ಕೂತು ಮೂತಿ ಆಕಾಶ ನೋಡುತ್ತದೆ. ಎಲ್ಲ ಮುಗಿದ ಮೇಲೆ ಇದನ್ನು ಸರಿಪಡಿಸಲು ದಾರಿಯಿಲ್ಲ.

ರೆಕ್ಕೆ

ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಸನ್‌ಬೋರ್ಡ್ ಕೇಳಿ, 3 ಮಿ.ಮೀ. ದಪ್ಪದ್ದು. ಅಂಚು ಕತ್ತರಿಸಿ ಉಳಿದ ಪಟ್ಟಿಗಳೇ ಸಾಕು. ಸನ್‌ಬೋರ್ಡ್ ಕೂಡ ಪೈಪ್‌ನ ಹಾಗೆ ಪಿವಿಸಿಯೇ ಆದ್ದರಿಂದ ಎರಡನ್ನೂ ಪೈಪ್ ಸೊಲ್ಯೂಷನ್‌ನಿಂದಲೇ ಅಂಟಿಸಬಹುದು, ಜೋಡಣೆ ಗಟ್ಟಿಯಾಗಿ ಕೂರುತ್ತದೆ. ಕೆಲವು ಕಡೆ ಒಳಗೆ ಥರ್ಮಕೋಲ್‌ನಂಥ ತಿರುಳಿರುವ ಫೋಮ್ ಬೋರ್ಡನ್ನೂ ಸನ್‌ಬೋರ್ಡ್ ಎಂದೇ ಕೊಡುತ್ತಾರೆ. ಸೊಲ್ಯೂಷನ್ ತಾಗಿದರೆ ಅದು ಕರಗಿಹೋಗುತ್ತದೆ. ಮೊದಲು ಒಂದು ಚೂರಿಗೆ ಹಚ್ಚಿ ನೋಡಿ. ಅಂಟಿಸುವ ಕೆಲಸ ಜಗುಲಿಯ ಮೇಲೆ, ಗಾಳಿಯಾಡುವ ಕಡೆ ನಡೆಯಲಿ. ಆ ವಾಸನೆ ತಲೆಗೇರುತ್ತದೆ.

ವಿಮಾನದ ರೆಕ್ಕೆ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಹಾಗಾಗಿ ಬುಡದ ಹತ್ತಿರ ನಾಲ್ಕು ಪದರ, ನಡುವೆ ಎರಡು, ತುದಿಯಲ್ಲಿ ಒಂದೇ ಪದರ ಬರುವಂತೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಸಿ, ಮೇಲೆ ತೂಕವಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಅರ ಮತ್ತು 120 ನಂಬರಿನ ಪಾಲಿಷ್ ಪೇಪರ್‌ನಿಂದ ಮೆಟ್ಟಿಲುಗಳನ್ನು ಇಳಿಜಾರು ಮಾಡಿ. ಮುಂಬದಿಯ ಅಂಚು ದುಂಡಗೆ, ಹಿಂಬದಿಯದು ಚೂಪಾಗಿ. ಆಮೇಲೆ 220, ಕೊನೆಗೆ 400. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪಿವಿಸಿ ಧೂಳು ಎದೆಗೆ ಒಳ್ಳೆಯದಲ್ಲ.

ರೆಕ್ಕೆ ಹಿಂದಕ್ಕೆ ಬಾಗಿರುವುದು 20 ಡಿಗ್ರಿ ಮಾತ್ರ. ಈಗಿನ ವಿಮಾನಗಳನ್ನು ಕಂಡ ಕಣ್ಣಿಗೆ ಇದು ಕಡಿಮೆ ಅನ್ನಿಸುತ್ತದೆ, ಮಕ್ಕಳ ಕೈ ತಾನಾಗಿ ಹೆಚ್ಚು ಬಾಗಿಸುತ್ತದೆ. ಕೋನಮಾಪಕವಿಟ್ಟು ನೋಡಿ. ಎದುರುನೋಟದಲ್ಲಿ ರೆಕ್ಕೆಯ ತುದಿಗಳು ತುಸು ಮೇಲಕ್ಕೆ ಎದ್ದಿರುತ್ತವೆ, ಅದನ್ನೂ ನಕ್ಷೆಯಿಂದ ಅಳೆಯಿರಿ. ಹಳೆಯ ಛತ್ರಿಯ ಕಡ್ಡಿಯೊಂದನ್ನು ಅದೇ ಕೋನಕ್ಕೆ ಬಾಗಿಸಿ, ಪೈಪ್‌ನ ಅಡ್ಡಕ್ಕೆ ತೂರಿಸಿ, ಎರಡೂ ರೆಕ್ಕೆಯ ಪದರಗಳ ನಡುವೆ ಸೇರಿಸಿದರೆ ರೆಕ್ಕೆ ಮುಂದೆಂದೂ ಜೋಲುವುದಿಲ್ಲ.

ಎಂಜಿನ್‌ಗಳು ರೆಕ್ಕೆಯೊಳಗಿರುವುದರಿಂದ ಹೊರಗೆ ಕಾಣುವುದು ಗಾಳಿ ಎಳೆಯುವ ಬಾಯಿ ಮತ್ತು ಹೊಗೆ ಬಿಡುವ ಕೊಳವೆ ಮಾತ್ರ. ಪ್ರತಿ ಬದಿಯಲ್ಲೂ ಎರಡೆರಡು ಬಾಯಿ, ಎರಡೆರಡು ಕೊಳವೆ. ಬಾಯಿಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಬುಡದ ನಾಲ್ಕು ಪದರಗಳಲ್ಲಿ ನಡುವಿನ ಎರಡನ್ನು ಅಂಟಿಸುವ ಮೊದಲೇ ಆ ಜಾಗದಲ್ಲಿ ಕೊರೆದರೆ ನಿಜವಾದ ಪೊಳ್ಳು ಸಿಗುತ್ತದೆ. ಹಿಂದಿನ ಕೊಳವೆಗೆ ಖಾಲಿ ಬಾಲ್‌ಪೆನ್ನಿನ ಮೈ ಕತ್ತರಿಸಿ ಸೇರಿಸಿ.

ಫಾಯಿಲ್: ನಿಜ ತಗಡಿನಷ್ಟೇ ತೆಳು

ಮೊದಲ ಹಾರಾಟದ ದಿನ ಈ ವಿಮಾನದ ಮೈಗೆ ಬಣ್ಣವಿರಲಿಲ್ಲ. ಉಜ್ಜಿದ ಅಲ್ಯುಮಿನಿಯಂ ಹಾಗೇ ಹೊಳೆಯುತ್ತಿತ್ತು. ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದರೆ ಆ ಹೊಳಪು ಬರುವುದಿಲ್ಲ, ಟ್ರಂಕಿನ ಬಣ್ಣ ಬರುತ್ತದೆ. ರೊಟ್ಟಿ ಸುತ್ತುವ ಅಲ್ಯುಮಿನಿಯಂ ಫಾಯಿಲ್ ಬಳಸಿ.

ಇದರ ಹಿಂದೊಂದು ಅಚ್ಚರಿಯ ಲೆಕ್ಕವಿದೆ. ಕಾಮೆಟ್‌ನ ಮೈಗೆ ಹೊದಿಸಿದ ತಗಡು ಒಂದು ಮಿಲಿಮೀಟರ್‌ಗೂ ಕಡಿಮೆ ದಪ್ಪ. ತೂಕ ಉಳಿಸಲೆಂದು ಅಷ್ಟು ತೆಳ್ಳಗೆ ಮಾಡಿದ್ದರು. ಅದನ್ನು 72ರಿಂದ ಭಾಗಿಸಿ: ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು ಬರುತ್ತದೆ. ಅಡುಗೆಮನೆಯ ಫಾಯಿಲ್ ಕೂಡ ಹೆಚ್ಚುಕಡಿಮೆ ಅಷ್ಟೇ ದಪ್ಪ. ನಿಮ್ಮ ಮಾದರಿಯ ಚರ್ಮವೂ ಅಳತೆಗೆ ಸರಿಯಾಗಿರುತ್ತದೆ ಎಂದಾಯಿತು. ಮಗುವೊಂದರ ಕೈಗೆ ಫಾಯಿಲ್ ಕೊಟ್ಟು, ‘ಇಷ್ಟು ತೆಳುವಾದ ಬುರುಡೆಯೊಳಗೆ ಗಾಳಿ ತುಂಬಿ 36 ಜನರನ್ನು ಕೂರಿಸಿ 12 ಕಿಲೋಮೀಟರ್ ಮೇಲೆ ಒಯ್ದರು’ ಎಂದು ಹೇಳಿ ನೋಡಿ.

ಹಚ್ಚುವ ಕ್ರಮ ಹೀಗೆ. ಮೈ, ರೆಕ್ಕೆ ಎರಡನ್ನೂ 220ರ ಪೇಪರ್‌ನಿಂದ ಒರಟು ಮಾಡಿ, ಒಂದು ಕೋಟ್ ಪ್ರೈಮರ್ ಬಳಿದು ಒಣಗಿಸಿ. ನುಣುಪಾದ ಪಿವಿಸಿಗೆ ಫೆವಿಕಾಲ್ ಹಿಡಿಯುವುದಿಲ್ಲ, ಪ್ರೈಮರ್ ಇದ್ದರೆ ಹಿಡಿಯುತ್ತದೆ. ಫಾಯಿಲನ್ನು ಮೂರು ನಾಲ್ಕು ಸೆಂಟಿಮೀಟರ್ ಅಗಲದ ತುಂಡುಗಳಾಗಿ ಬ್ಲೇಡಿನಿಂದ ಕತ್ತರಿಸಿ. ಫೆವಿಕಾಲ್‌ಗೆ ಅರ್ಧದಷ್ಟು ನೀರು ಬೆರೆಸಿ, ಫಾಯಿಲ್‌ನ ಮಂಕು ಬದಿಗೆ ಬ್ರಷ್‌ನಿಂದ ತೆಳ್ಳಗೆ ಸವರಿ, ಬಿಳಿ ಹೋಗಿ ಅಂಟಂಟಾಗುವವರೆಗೆ ಕಾಯಿರಿ. ಆಮೇಲೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಹತ್ತಿಯ ಉಂಡೆಯಿಂದ ಒತ್ತುತ್ತಾ ಹೋಗಿ. ಕೊನೆಗೆ ಸ್ಟೀಲ್ ಚಮಚದ ಬೆನ್ನಿನಿಂದ ಮೃದುವಾಗಿ ತೀಡಿದರೆ ಸುಕ್ಕೆಲ್ಲ ಮಾಯ. ಪಕ್ಕಪಕ್ಕದ ತುಂಡುಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ತಿರುಗಿಸಿ ಹಚ್ಚಿ. ಫಾಯಿಲ್‌ನಲ್ಲಿ ಕಣ್ಣಿಗೆ ಕಾಣದ ಗೆರೆಗಳಿರುವುದರಿಂದ ಬೆಳಕು ಬೇರೆಬೇರೆಯಾಗಿ ಬಿದ್ದು, ತಗಡುಗಳನ್ನು ನಿಜವಾಗಿ ಜೋಡಿಸಿದಂತೆ ಕಾಣುತ್ತದೆ. ಮೂತಿಯ ದುಂಡಿಗೆ ಮಾತ್ರ ದೊಡ್ಡ ತುಂಡು ಕೂರುವುದಿಲ್ಲ, ಹಲಸಿನ ಎಲೆಯಾಕಾರದ ಸಣ್ಣ ಪಟ್ಟಿಗಳು ಬೇಕು. ಇಷ್ಟು ತಾಳ್ಮೆ ಚಿಕ್ಕ ಮಕ್ಕಳಿಗಿಲ್ಲದಿದ್ದರೆ ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ, ಹಿಂದೆ ಅಂಟಿರುವ ಅಲ್ಯುಮಿನಿಯಂ ಟೇಪ್ ತನ್ನಿ. ಅಳತೆಗೆ ದಪ್ಪವಾದರೂ ಹೊಳಪು ಸರಿಯಾಗಿರುತ್ತದೆ.

ಥರ್ಮಕೋಲ್‌ನಲ್ಲೇ ಮಾಡುತ್ತೇವೆ ಎನ್ನುವವರಿಗೆ ಒಂದು ಮಾತು: ಸ್ಪ್ರೇ ಬಣ್ಣ, ಥಿನ್ನರ್, ಪೈಪ್ ಸೊಲ್ಯೂಷನ್ ಯಾವುದು ತಾಗಿದರೂ ಥರ್ಮಕೋಲ್ ಕರಗುತ್ತದೆ. ಮೊದಲು ಫೆವಿಕಾಲ್‌ನಿಂದ ಎರಡು ಸುತ್ತು ಪೇಪರ್ ಅಂಟಿಸಿಕೊಳ್ಳಬೇಕು.

ಕಿಟಕಿ

ಮಾದರಿಯ ಜೀವ ಇಲ್ಲಿದೆ. ಬೈಕಿಗೆ ನಂಬರ್ ಬರೆಯುವ ರೇಡಿಯಂ ಅಂಗಡಿಯಲ್ಲಿ ಕಂಪ್ಯೂಟರ್ ಕಟಿಂಗ್ ಇರುತ್ತದೆ. ಕಪ್ಪು ಸ್ಟಿಕರಿನಲ್ಲಿ ಕಿಟಕಿಗಳನ್ನು, ನೋಂದಣಿ ಅಕ್ಷರಗಳನ್ನು ಕತ್ತರಿಸಿಕೊಡುತ್ತಾರೆ. ಕಿಟಕಿಗಳು ಅರ್ಧ ಸೆಂಟಿಮೀಟರ್ ಆಸುಪಾಸು. ಎಷ್ಟು, ಎಲ್ಲೆಲ್ಲಿ ಎನ್ನುವುದನ್ನು ಪಕ್ಕನೋಟದಿಂದ ಎಣಿಸಿಕೊಂಡು ಹೋಗಿ. ಆಕಾರ ಚೌಕ, ಆದರೆ ಮೂಲೆಗಳು ತುಸು ದುಂಡಗಿದ್ದವು. ಎಷ್ಟೋ ಮಾದರಿಗಳಲ್ಲಿ, ಚಿತ್ರಗಳಲ್ಲಿ ಅಂಚುಪಟ್ಟಿ ಹಿಡಿದು ಕೊರೆದ ಹಾಗೆ ಚೂಪು ಮೂಲೆ ಕಾಣುತ್ತದೆ. ಅದು ತಪ್ಪು. ಸ್ಟಿಕರ್ ಕತ್ತರಿಸುವವರಿಗೆ ಮೂಲೆಯನ್ನು ಸ್ವಲ್ಪ ಉರುಟು ಮಾಡಲು ಹೇಳಬೇಕು.

ಈ ಮೂಲೆಗಳ ಕಥೆಯನ್ನು ಮಾದರಿಯ ಪಕ್ಕದಲ್ಲಿ ಹೇಳಲೇಬೇಕು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಹತ್ತಿರ ಒಂದು ಕಾಮೆಟ್ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು, 35 ಜನ ಸತ್ತರು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು, 21 ಜನ. ಎಲ್ಲ ಕಾಮೆಟ್‌ಗಳನ್ನೂ ನೆಲಕ್ಕಿಳಿಸಿದರು. ಫಾರ್ನ್‌ಬರೊದ ಸಂಶೋಧನಾ ಕೇಂದ್ರದಲ್ಲಿ ಆರ್ನಾಲ್ಡ್ ಹಾಲ್ ಅವರ ತಂಡ ಒಂದು ಇಡೀ ವಿಮಾನದ ಮೈಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿತು. ಒಳಗೆ ನೀರು ಒತ್ತಿ ತುಂಬುವುದು, ಬಿಡುವುದು, ಮತ್ತೆ ತುಂಬುವುದು. ಒಂದು ಸಲ ತುಂಬಿ ಬಿಟ್ಟರೆ ಒಂದು ಹಾರಾಟಕ್ಕೆ ಸಮ. ಆ ವಿಮಾನ ಅದಾಗಲೇ 1,221 ಸಲ ಹಾರಿತ್ತು. ತೊಟ್ಟಿಯಲ್ಲಿ 1,836 ಸಲ ಒತ್ತಿದ ಮೇಲೆ, ಒಟ್ಟು 3,057ಕ್ಕೆ, ತಗಡು ಬಾಯಿಬಿಟ್ಟಿತು. ಬಿರುಕು ಶುರುವಾದದ್ದು ತುರ್ತು ಬಾಗಿಲಿನ ಕಿಂಡಿಯ ಮೂಲೆಯ ಹತ್ತಿರದ ಒಂದು ತೂತಿನಿಂದ. ಎಲ್ಬಾದ ವಿಮಾನದ ತುಂಡುಗಳನ್ನು ಸಮುದ್ರದಿಂದ ಎತ್ತಿ ಜೋಡಿಸಿದಾಗ ಅಲ್ಲಿ ಬಿರುಕು ಹೊರಟದ್ದು ಚಾವಣಿಯಲ್ಲಿದ್ದ ಆಂಟೆನಾ ಕಿಂಡಿಯ ಮೂಲೆಯಿಂದ ಎಂದು ಕಂಡಿತು.

ಇದನ್ನು ಮಕ್ಕಳ ಕೈಯಲ್ಲೇ ಮಾಡಿ ತೋರಿಸಿ. ತೆಳು ಪ್ಲಾಸ್ಟಿಕ್ ಚೀಲದಿಂದ ಐದು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ. ಒಂದರ ನಡುವೆ ಒಂದೂವರೆ ಸೆಂಟಿಮೀಟರಿನ ಚೂಪು ಮೂಲೆಯ ಚೌಕ ತೂತು, ಇನ್ನೊಂದರಲ್ಲಿ ಅಷ್ಟೇ ಅಗಲದ ದುಂಡು ತೂತು. ಎರಡು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಚೌಕದ ಮೂಲೆಯಲ್ಲಿ ಮೊದಲು ಪ್ಲಾಸ್ಟಿಕ್ ಬಿಳಿಚಿಕೊಳ್ಳುತ್ತದೆ, ಹರಿಯುವುದೂ ಅಲ್ಲಿಂದಲೇ. ದುಂಡು ತೂತು ಎಳೆದಷ್ಟೂ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಹರಿಯಲು ಹೆಚ್ಚು ಬಲ ಕೇಳುತ್ತದೆ. ಎಳೆತ ಮೂಲೆಯಲ್ಲಿ ಒಟ್ಟುಗೂಡುತ್ತದೆ, ದುಂಡಿನಲ್ಲಿ ಹರಡಿಹೋಗುತ್ತದೆ. ಇಂದು ವಿಮಾನ ಹತ್ತಿದರೆ ಪಕ್ಕದ ಕಿಟಕಿ ಮೂಲೆಯಿಲ್ಲದೆ ದುಂಡಗಿರುವುದಕ್ಕೆ ಕಾರಣ ಇದು. ಪ್ರದರ್ಶನದ ಮೇಜಿನ ಮೇಲೆ ವಿಮಾನದ ಪಕ್ಕ ಈ ಎರಡು ಪಟ್ಟಿಗಳನ್ನೂ ಇಡಿ.

ಗಾಲಿ, ನಿಲ್ಲಿಸುವುದು, ಚೀಟಿ

ಮೂಲಮಾದರಿಯ ಗುರುತು ಗಾಲಿಯಲ್ಲಿದೆ. ಪ್ರಯಾಣಿಕರನ್ನು ಹೊತ್ತ ಕಾಮೆಟ್‌ಗಳಿಗೆ ರೆಕ್ಕೆಯ ಕೆಳಗೆ ಬದಿಗೆ ನಾಲ್ಕು ಸಣ್ಣ ಗಾಲಿಗಳ ಗುಂಪಿತ್ತು. ಮೊದಲು ಹಾರಿದ ಈ ವಿಮಾನಕ್ಕೆ ಬದಿಗೆ ಒಂದೇ, ಭಾರಿ ಗಾತ್ರದ ಗಾಲಿ. ಸ್ವೆಟರಿನ ದೊಡ್ಡ ಗುಂಡಿಗಳನ್ನು ಎರಡೆರಡು ಅಂಟಿಸಿ ಅಂಚು ಉಜ್ಜಿ ಕಪ್ಪು ಬಳಿದರೆ ಗಾಲಿಯಾಯಿತು. ಕಾಲಿಗೆ ಸೈಕಲ್ ಸ್ಪೋಕ್.

ಪಕ್ಕದಲ್ಲಿ ತಂತಿಯಲ್ಲಿ ಒಬ್ಬ ಮನುಷ್ಯನನ್ನು ಮಾಡಿ ನಿಲ್ಲಿಸಿ. ಐದೂವರೆ ಅಡಿಯವನು ಈ ಅಳತೆಯಲ್ಲಿ 2.3 ಸೆಂ.ಮೀ. ಆಗುತ್ತಾನೆ. ವಿಮಾನ ಎಷ್ಟು ದೊಡ್ಡದಿತ್ತೆಂದು ಆಗ ನೋಡುವವರಿಗೆ ತಟ್ಟನೆ ಅರ್ಥವಾಗುತ್ತದೆ. ಚೀಟಿಯಲ್ಲಿ ವಿಮಾನದ ಹೆಸರು, ನೋಂದಣಿ, ಮೊದಲು ಹಾರಿದ ದಿನ, ಅನುಪಾತ, ಮಾಡಿದವರ ಹೆಸರು, ಇಷ್ಟೂ ಇರಲಿ.

ಮಾದರಿ ಎಂದರೆ ಮಕ್ಕಳಾಟ ಎನ್ನುವ ಹಿರಿಯರು ಸಿಕ್ಕರೆ ಬೆಂಗಳೂರಿನ ಕಥೆ ಹೇಳಿ. ಎಚ್‌ಎಎಲ್‌ನಲ್ಲಿ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಅವರು ಮಾರುತ್ ಎಂಬ ಯುದ್ಧ ಜೆಟ್ ರೂಪಿಸುತ್ತಿದ್ದಾಗ, ಎಂಜಿನ್ ಕೂರಿಸುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು ಹಾರಿಸಿ ನೋಡಿದರು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಳಿಸುರಂಗದಲ್ಲಿ ಇಂದಿಗೂ ವಿಮಾನ, ರಾಕೆಟ್‌ಗಳನ್ನು ಮೊದಲು ಸ್ಕೇಲ್ ಮಾದರಿಯಾಗಿಯೇ ಪರೀಕ್ಷಿಸುತ್ತಾರೆ. ಶಾಲೆಯ ಪ್ರವಾಸ ಬೆಂಗಳೂರಿಗೆ ಹೋದರೆ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಮಾರುತ್, ಕಿರಣ್‌ಗಳನ್ನು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯನ್ನು ತೋರಿಸಿ ತನ್ನಿ.

ಜಿ-ಎ.ಎಲ್.ವಿ.ಜಿ. ಇಂದು ಎಲ್ಲೂ ಇಲ್ಲ. ಪರೀಕ್ಷೆಗಳಿಗೆ ಬಳಸಿಕೊಂಡು 1953ರಲ್ಲಿ ಫಾರ್ನ್‌ಬರೊದಲ್ಲಿ ಅದನ್ನು ಬಿಚ್ಚಿಹಾಕಿದರು. ಚೌಕ ಕಿಟಕಿಯ ಕಾಮೆಟ್‌ನ ಮೈಯೊಂದು ಲಂಡನ್ ಹತ್ತಿರದ ಡಿ ಹ್ಯಾವಿಲೆಂಡ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ, ಅದಕ್ಕೆ ರೆಕ್ಕೆಯಿಲ್ಲ. ಹಾಗಾಗಿ ಶಿಕ್ಷಕರಲ್ಲಿ ಒಂದು ಕೋರಿಕೆ. ಪ್ರದರ್ಶನ ಮುಗಿದ ಮೇಲೆ ಮಾದರಿಯನ್ನು ಮಕ್ಕಳ ಮನೆಯ ಅಟ್ಟಕ್ಕೆ ಕಳಿಸಬೇಡಿ, ಶಾಲೆಯ ಗಾಜಿನ ಕಪಾಟಿನಲ್ಲಿಡಿ. ದೊಡ್ಡದು ಮಾಡಿಸಿದ ನಕ್ಷೆ, ಮೂತಿಯ ರಟ್ಟಿನ ಅಚ್ಚು, ಗ್ರಾಫ್ ಹಾಳೆಯ ಲೆಕ್ಕ ಮೂರನ್ನೂ ಒಂದು ಫೈಲಿನಲ್ಲಿ ಹಾಕಿ ಅದರ ಪಕ್ಕದಲ್ಲೇ ಇಟ್ಟುಬಿಡಿ. ಮುಂದಿನ ವರ್ಷದ ಮಕ್ಕಳು ಅದೇ ಕ್ರಮದಲ್ಲಿ ಮಾರುತ್ ಮಾಡಲಿ.